ಪಾಸ್ಟರ್ ಮ್ಯೂಲೆನ್‌ಬರ್ಗ್ ಯಾರು? ವಸಾಹತು ಕಾಲದ ಅಮೆರಿಕದ ಲೂಥರನ್ ಗುರುವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೆನ್ರಿ ಮೆಲ್ಕಿಯರ್ ಮ್ಯೂಲೆನ್‌ಬರ್ಗ್ ಹೆಸರು ಅಮೆರಿಕದ ಲೂಥರನ್ನರ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಲೂಥರನ್ನರು ಅಂದರೆ ಮಾರ್ಟಿನ್ ಲೂಥರ್ ದಾರಿ ಹಿಡಿದ ಪ್ರೊಟೆಸ್ಟಂಟ್ ಕ್ರೈಸ್ತರು. ನಮ್ಮ ಕಡೆ ಕೇಳಿದವರು ಕಡಿಮೆ. ಕೇಳಿದವರಿಗೂ ಅವರ ಮಗ ನಿಲುವಂಗಿ ಕಳಚಿ ಯುದ್ಧಕ್ಕೆ ಹೊರಟ ಕಥೆಯೇ ಜಾಸ್ತಿ ಗೊತ್ತಿರುತ್ತದೆ. ಆದರೆ ಅಪ್ಪನ ಬದುಕೇ ಹೆಚ್ಚು ಸ್ವಾರಸ್ಯವಾದದ್ದು. ಸರ್ಕಾರದ ಬೆಂಬಲವಿಲ್ಲ, ಗೊತ್ತಾದ ಸಂಬಳವಿಲ್ಲ, ಯಾರು ಬೇಕಾದರೂ ‘ನಾನೇ ಪಾಸ್ಟರ್’ ಅನ್ನಬಹುದು. ಅಂಥ ಊರಲ್ಲಿ ಒಂದು ಸಭೆ, ಅಂದರೆ ಚರ್ಚಿನ ಜನರ ಕೂಟ, ಕಟ್ಟಿ ನಿಲ್ಲಿಸುವುದು ಹೇಗೆ? ಕೆಳಗಿನ ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಇದರ ಹತ್ತಿರಕ್ಕೇ ಬರುತ್ತವೆ.

ಒಂದೆರಡು ಸಾಲಲ್ಲಿ ಹೇಳಿ, ಯಾರು ಇವರು?

1711ರ ಸೆಪ್ಟೆಂಬರ್ 6ರಂದು ಜರ್ಮನಿಯ ಐನ್‌ಬೆಕ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದವರು. 1742ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದರು. ನಲವತ್ತೈದು ವರ್ಷ ಅಲ್ಲೇ ದುಡಿದು, 1787ರ ಅಕ್ಟೋಬರ್ 7ರಂದು ಟ್ರ್ಯಾಪ್ ಎಂಬ ಹಳ್ಳಿಯಲ್ಲಿ ತೀರಿಕೊಂಡರು. ಚೆದುರಿಹೋಗಿದ್ದ ಲೂಥರನ್ ಸಭೆಗಳನ್ನು ಒಂದು ಕಟ್ಟಿಗೆ ತಂದವರು ಅಂತ ಅಮೆರಿಕದ ಲೂಥರನ್ನರು ಇವರನ್ನು ಹಿರಿಯಜ್ಜನ ಸ್ಥಾನದಲ್ಲಿ ಇಟ್ಟಿದ್ದಾರೆ.

ಅಮೆರಿಕದ ಮೊದಲ ಲೂಥರನ್ ಪಾಸ್ಟರ್ ಇವರೇನಾ?

ಅಲ್ಲ. ಇವರಿಗಿಂತ ನೂರು ವರ್ಷ ಮೊದಲೇ ಅಲ್ಲಿ ಲೂಥರನ್ನರಿದ್ದರು. 1638ರಲ್ಲಿ ಸ್ವೀಡನ್ನಿನವರು ಡೆಲವೇರ್ ನದಿಯ ದಡದಲ್ಲಿ ವಸಾಹತು ಹೂಡಿದರು. ಅವರ ಜೊತೆಗಿದ್ದ ರೆಯೊರಸ್ ಟೋರ್ಕಿಲಸ್, ಆಮೇಲೆ ಬಂದ ಯೋಹಾನ್ ಕಂಪಾನಿಯಸ್ ಇಬ್ಬರೂ ಲೂಥರನ್ ಪಾಸ್ಟರುಗಳು. ಕಂಪಾನಿಯಸ್ ಅಂತೂ ಲೂಥರರ ಪ್ರಶ್ನೋತ್ತರದ ಪುಸ್ತಕವನ್ನು ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರ ಮಾತಿಗೆ ತಂದರು. 1657ರಲ್ಲಿ ನ್ಯೂ ಆಮ್‌ಸ್ಟರ್‌ಡಾಮಿಗೆ, ಅಂದರೆ ಇವತ್ತಿನ ನ್ಯೂಯಾರ್ಕಿಗೆ, ಗುಟ್‌ವಾಸರ್ ಎಂಬ ಲೂಥರನ್ ಪಾಸ್ಟರ್ ಬಂದಿಳಿದರು. ಅಲ್ಲಿನ ಡಚ್ ಅಧಿಕಾರಿಗಳು ಎರಡು ವರ್ಷದಲ್ಲಿ ಅವರನ್ನು ಹಡಗು ಹತ್ತಿಸಿ ವಾಪಸ್ ಕಳಿಸಿದರು. 1703ರಲ್ಲಿ ಯೂಸ್ಟಸ್ ಫಾಕ್ನರ್ ಅವರಿಗೆ ಫಿಲಡೆಲ್ಫಿಯಾದ ಸ್ವೀಡಿಷ್ ಚರ್ಚಿನಲ್ಲಿ ದೀಕ್ಷೆ, ಅಂದರೆ ಪಾಸ್ಟರಿಕೆಯ ಅಧಿಕಾರ, ಸಿಕ್ಕಿತು. ಅಮೆರಿಕದ ನೆಲದಲ್ಲೇ ದೀಕ್ಷೆ ಪಡೆದ ಮೊದಲ ಲೂಥರನ್ ಪಾಸ್ಟರ್ ಅವರು.

ಇವರೆಲ್ಲ ಅವರವರ ಸಭೆ ನೋಡಿಕೊಂಡರು. ಪಾಸ್ಟರ್ ತೀರಿಕೊಂಡರೆ ಸಭೆಯೂ ಸೊರಗುತ್ತಿತ್ತು. ಮ್ಯೂಲೆನ್‌ಬರ್ಗ್ ಬೇರೆಯಾಗಿ ಕಾಣುವುದು ಇಲ್ಲೇ.

ಬಾಲ್ಯ, ಓದು ಹೇಗಿತ್ತು?

ಅಪ್ಪನದು ಚಪ್ಪಲಿ ಹೊಲಿಯುವ ಕಸುಬು. ಹುಡುಗನಿಗೆ ಹನ್ನೆರಡು ವರ್ಷವಾದಾಗ ಅಪ್ಪ ತೀರಿಕೊಂಡರು. ಅಲ್ಲಿಂದ ಸುಮಾರು ಇಪ್ಪತ್ತೊಂದರವರೆಗೆ ಮೈಮುರಿದು ದುಡಿಯುವ ಕೆಲಸ. ಬಿಡುವಾದಾಗ ಓದು, ಆರ್ಗನ್ ಕಲಿಕೆ. ಗ್ಯೋಟಿಂಗನ್‌ನಲ್ಲಿ ಆಗಷ್ಟೇ ಹೊಸ ವಿಶ್ವವಿದ್ಯಾಲಯ ಶುರುವಾಗಿತ್ತು. 1735ರಲ್ಲಿ ಅಲ್ಲಿ ಸೇರಿಕೊಂಡರು. ಊರಿನ ಬಡ ಮಕ್ಕಳಿಗೆ ಗೆಳೆಯರ ಜೊತೆ ಸೇರಿ ಒಂದು ಶಾಲೆಯನ್ನೂ ನಡೆಸಿದರು. ಆಮೇಲೆ ಹಾಲೆ ಎಂಬ ಊರಿನ ಪ್ರಸಿದ್ಧ ಅನಾಥಾಲಯದಲ್ಲಿ ಮೇಷ್ಟ್ರು ಕೆಲಸ. 1739ರಲ್ಲಿ ಲೈಪ್‌ಸಿಗ್‌ನಲ್ಲಿ ದೀಕ್ಷೆ. ನಂತರ ಗ್ರೋಸ್‌ಹೆನ್ನರ್ಸ್‌ಡಾರ್ಫ್ ಎಂಬಲ್ಲಿ ಪಾಸ್ಟರಿಕೆಯ ಜೊತೆಗೆ ಇನ್ನೊಂದು ಅನಾಥಾಲಯದ ಉಸ್ತುವಾರಿ.

ಈ ಅನಾಥಾಲಯ, ಶಾಲೆ, ಬಡ ಮಕ್ಕಳು ಅನ್ನೋದೆಲ್ಲ ಸುಮ್ನೆ ಬಂದದ್ದಲ್ಲ. ಹಾಲೆಯವರು ‘ಪಯಟಿಸ್ಟ್’ ಪಂಗಡದವರು. ನಂಬಿಕೆ ಬಾಯಲ್ಲಿದ್ದರೆ ಸಾಲದು, ನಡತೆಯಲ್ಲಿ ಕಾಣಬೇಕು ಎನ್ನುವವರು. ಅವರ ಅನಾಥಾಲಯದ ಜೊತೆಗೇ ಶಾಲೆ, ಅಚ್ಚುಕೂಟ, ಔಷಧಿ ತಯಾರಿಸುವ ಅಂಗಡಿ ಎಲ್ಲ ಇತ್ತು.

ಇವರು ಭಾರತಕ್ಕೆ ಬರಬೇಕಿತ್ತು ಅಂತಾರಲ್ಲ, ನಿಜವಾ?

ಹಾಲೆಯಲ್ಲಿದ್ದಾಗ ಅಂಥದ್ದೊಂದು ಮಾತು ನಡೆದಿತ್ತು, ಕೈಗೂಡಲಿಲ್ಲ. ಹಾಲೆಗೂ ಭಾರತಕ್ಕೂ ಆಗಲೇ ಹಳೆಯ ನಂಟು. ಅಲ್ಲಿ ತಯಾರಾದ ಬಾರ್ತೊಲೊಮಿಯಸ್ ಸೀಗನ್‌ಬಾಲ್ಗ್ 1706ರಲ್ಲೇ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದು, ತಮಿಳು ಕಲಿತು, ಹೊಸ ಒಡಂಬಡಿಕೆಯನ್ನು ತಮಿಳಿಗೆ ತಂದಿದ್ದರು. ಹಾಲೆಯ ಮೇಜಿನ ಮೇಲೆ ತರಂಗಂಬಾಡಿಯ ಪತ್ರವೂ ಫಿಲಡೆಲ್ಫಿಯಾದ ಪತ್ರವೂ ಒಟ್ಟಿಗೇ ಬೀಳುತ್ತಿದ್ದ ಕಾಲ ಅದು.

ಕನ್ನಡದವರಿಗೆ ಇಲ್ಲಿ ಕಿಟೆಲ್ ನೆನಪಾಗಬಹುದು. ಕಿಟೆಲ್ ಬಂದದ್ದು ಬಾಸೆಲ್ ಮಿಷನ್ ಕಡೆಯಿಂದ, ಅದೂ ನೂರಕ್ಕೂ ಹೆಚ್ಚು ವರ್ಷ ಆಮೇಲೆ, 1853ರಲ್ಲಿ. ಹಾಗಾಗಿ ಇಬ್ಬರಿಗೂ ನೇರ ಸಂಬಂಧ ಇಲ್ಲ. ಇಬ್ಬರ ಹುಟ್ಟೂರೂ ಅವರವರ ಕಾಲದಲ್ಲಿ ಹ್ಯಾನೋವರ್ ಎಂಬ ಜರ್ಮನ್ ಸಂಸ್ಥಾನದ ಆಳ್ವಿಕೆಗೆ ಸೇರಿತ್ತು ಎನ್ನುವಷ್ಟೇ.

ಪೆನ್ಸಿಲ್ವೇನಿಯಾದವರು ಒಬ್ಬ ಪಾಸ್ಟರ್‌ಗಾಗಿ ಹತ್ತು ವರ್ಷ ಕಾದರಂತೆ. ಯಾಕೆ?

ದುಡ್ಡಿನ ವಿಷಯಕ್ಕೆ. ಫಿಲಡೆಲ್ಫಿಯಾ, ಟ್ರ್ಯಾಪ್, ನ್ಯೂ ಹ್ಯಾನೋವರ್ ಮೂರು ಕಡೆಯ ಜರ್ಮನ್ ಲೂಥರನ್ನರು ಸೇರಿ 1733ರಲ್ಲಿ ಮೂರು ಜನರನ್ನು ಲಂಡನ್ನಿಗೂ ಜರ್ಮನಿಗೂ ಕಳಿಸಿದರು. ಒಬ್ಬ ಪಾಸ್ಟರ್ ಕೊಡಿ, ಚರ್ಚು ಕಟ್ಟಲು ಸ್ವಲ್ಪ ಸಹಾಯ ಮಾಡಿ ಅಂತ ಬೇಡಿಕೆ. ಹಾಲೆಯವರು ಮೊದಲು ಕೇಳಿದ್ದು: ಸಂಬಳ ಎಷ್ಟು ಕೊಡುತ್ತೀರಿ, ವಾಪಸ್ ಬರಬೇಕಾದರೆ ಖರ್ಚು ಯಾರದು? ಇವರ ಉತ್ತರ: ಮೊದಲು ಪಾಸ್ಟರ್ ಬರಲಿ, ನೋಡೋಣ, ಆಮೇಲೆ ಸಂಬಳದ ಮಾತು. ಪತ್ರಗಳು ಸಮುದ್ರ ದಾಟಿ ಹೋದವು, ಬಂದವು. ವರ್ಷಗಳು ಕಳೆದವು.

ಎರಡೂ ಕಡೆಯವರದು ತಪ್ಪು ಅನ್ನಲಾಗದು. ಜರ್ಮನಿಯಲ್ಲಿ ಪಾಸ್ಟರನ್ನು ನೇಮಿಸುವುದು, ಸಾಕುವುದು ಆಯಾ ಪ್ರಾಂತ್ಯದ ದೊರೆ ಮತ್ತು ಅಧಿಕಾರಿಗಳ ಹೊಣೆ. ಪೆನ್ಸಿಲ್ವೇನಿಯಾದಲ್ಲಿ ಅದ್ಯಾವುದೂ ಇಲ್ಲ. ಕ್ವೇಕರ್ ಎಂಬ ಇನ್ನೊಂದು ಕ್ರೈಸ್ತ ಪಂಗಡದ ವಿಲಿಯಂ ಪೆನ್ ಕಟ್ಟಿದ ಪ್ರಾಂತ್ಯ ಅದು. ಎಲ್ಲ ಪಂಗಡಕ್ಕೂ ಜಾಗ ಇತ್ತು, ಯಾವ ಪಂಗಡಕ್ಕೂ ತೆರಿಗೆ ಹಣ ಇರಲಿಲ್ಲ. ಮುಖ ನೋಡದ ಪಾಸ್ಟರಿಗೆ ಸಂಬಳ ಬರೆದುಕೊಡಲು ಬಡ ರೈತರು ಹಿಂಜರಿದರೆ ಆಶ್ಚರ್ಯವೇನು?

ಕೊನೆಗೆ ಹಾಲೆಯವರನ್ನು ಎಬ್ಬಿಸಿದ್ದು ಪೈಪೋಟಿ. ಮೊರಾವಿಯನ್ ಎಂಬ ಇನ್ನೊಂದು ಪ್ರೊಟೆಸ್ಟಂಟ್ ಪಂಗಡದ ಮುಖಂಡ ಕೌಂಟ್ ತ್ಸಿನ್‌ಸೆಂಡಾರ್ಫ್ ತಾವೇ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದರು. 1741ರ ಸೆಪ್ಟೆಂಬರ್ 6ರಂದು, ಅಂದರೆ ಮ್ಯೂಲೆನ್‌ಬರ್ಗ್ ಅವರ ಮೂವತ್ತನೇ ಹುಟ್ಟುಹಬ್ಬದ ದಿನವೇ, ಹಾಲೆಯ ಮುಖ್ಯಸ್ಥ ಗೋಟ್‌ಹಿಲ್ಫ್ ಆಗಸ್ಟ್ ಫ್ರಾಂಕೆ ಅವರು ಊಟದ ಹೊತ್ತಲ್ಲಿ ಕೇಳಿದರು: ಪೆನ್ಸಿಲ್ವೇನಿಯಾಕ್ಕೆ ಹೋಗುತ್ತೀರಾ? ಇವರು ಒಪ್ಪಿದರು.

ಪ್ರಯಾಣ ಹೇಗಿತ್ತು?

ಮೊದಲು ಲಂಡನ್. ಅಲ್ಲಿ ಅರಮನೆಯ ಜರ್ಮನ್ ಪಾಸ್ಟರ್ ಆಗಿದ್ದ ತ್ಸೀಗನ್‌ಹಾಗನ್ ಅವರ ಮನೆಯಲ್ಲಿ ಸುಮಾರು ಒಂಬತ್ತು ವಾರ. ಆಗ ಇಂಗ್ಲೆಂಡಿನ ರಾಜ ಮತ್ತು ಹ್ಯಾನೋವರಿನ ದೊರೆ ಒಬ್ಬರೇ, ಎರಡನೇ ಜಾರ್ಜ್. ಅದಕ್ಕೇ ಲಂಡನ್ ಅರಮನೆಯಲ್ಲಿ ಜರ್ಮನ್ ಪಾಸ್ಟರ್.

1742ರ ಜೂನ್‌ನಲ್ಲಿ ಹಡಗು ಹತ್ತಿದರು. ದಾರಿಯುದ್ದಕ್ಕೂ ಇಂಗ್ಲಿಷ್ ಅಭ್ಯಾಸ, ಹಡಗಿನವರಿಗೆ ತಮ್ಮ ಹರಕು ಮುರುಕು ಇಂಗ್ಲಿಷಿನಲ್ಲೇ ಉಪದೇಶ. ಗಾಳಿ ಬೀಳದೆ ಪ್ರಯಾಣ ಎಳೆಯಿತು, ಕುಡಿಯುವ ನೀರು ತಳ ಕಂಡಿತು. ಇಲಿಗಳಿಗೂ ಬಾಯಾರಿಕೆ. ವಿನೆಗರ್ ಬಾಟಲಿಗಳ ಬಿರಡೆ ಕಡಿದು, ಬಾಲ ಇಳಿಬಿಟ್ಟು, ಅದನ್ನು ನೆಕ್ಕುತ್ತಿದ್ದವಂತೆ. ಮಲಗಿದವರ ಮುಖದ ಬೆವರನ್ನೂ ಬಿಡಲಿಲ್ಲವಂತೆ. ಇಂಥ ಸಣ್ಣ ವಿವರಗಳನ್ನು ಬರೆದಿಡುವ ಅಭ್ಯಾಸ ಅವರಿಗೆ ಕೊನೆಯವರೆಗೂ ಇತ್ತು.

ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರು. ಅಲ್ಲಿಂದ ಜಾರ್ಜಿಯಾದ ಎಬನೇಜರ್‌ಗೆ ಹೋದರು. ಆಸ್ಟ್ರಿಯಾ ಕಡೆಯ ಸಾಲ್ಸ್‌ಬರ್ಗಿನಿಂದ ಓಡಿಸಲ್ಪಟ್ಟ ಲೂಥರನ್ನರು ನೆಲೆ ನಿಂತಿದ್ದ ಊರು ಅದು. ಫಿಲಡೆಲ್ಫಿಯಾಕ್ಕೆ ಒಳ್ಳೆಯ ಹಡಗೇ ಸಿಗಲಿಲ್ಲ. ಕೊನೆಗೆ ಒಂದು ಪುಟ್ಟ ಹಾಯಿದೋಣಿಯಲ್ಲಿ, ಬಿರುಗಾಳಿಯಲ್ಲಿ ನೆನೆದು ನಡುಗುತ್ತಾ, 1742ರ ನವೆಂಬರ್ 25ರಂದು ಬಂದು ತಲುಪಿದರು. ಬರಮಾಡಿಕೊಳ್ಳಲು ಯಾರೂ ಬಂದಿರಲಿಲ್ಲ. ಇವರು ಬರುತ್ತಾರೆ ಅಂತ ಅಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಸಭೆಯವರು ಖುಷಿಯಿಂದ ಸ್ವಾಗತಿಸಿರಬೇಕಲ್ವಾ?

ಇಲ್ಲವೇ ಇಲ್ಲ. ಅವರ ಕುರ್ಚಿಯಲ್ಲಿ ಆಗಲೇ ಮೂರು ಜನ ಕೂತಿದ್ದರು.

ನ್ಯೂ ಹ್ಯಾನೋವರ್‌ನಲ್ಲಿ ನಿಕೋಲಸ್ ಶ್ಮಿಟ್ ಎಂಬಾತ. ಹಲ್ಲು ಕೀಳುವುದು, ನಾಟಿ ವೈದ್ಯ ಮಾಡುವುದು ಆತನ ಕಸುಬು, ಭಾನುವಾರ ಪ್ರಸಂಗ, ಅಂದರೆ ಚರ್ಚಿನಲ್ಲಿ ಉಪದೇಶ. ಫಿಲಡೆಲ್ಫಿಯಾದಲ್ಲಿ ವಾಲೆಂಟಿನ್ ಕ್ರಾಫ್ಟ್. ವಯಸ್ಸಾದ ಪಾಸ್ಟರ್, ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಬಂದವರು. ಪೆನ್ಸಿಲ್ವೇನಿಯಾದ ಎಲ್ಲ ಲೂಥರನ್ ಸಭೆಗಳಿಗೂ ನಾನೇ ಮುಖ್ಯಸ್ಥ ಅಂತ ಘೋಷಿಸಿಕೊಂಡು ಓಡಾಡುತ್ತಿದ್ದರು. ಹೊಸಬರನ್ನು ಕಂಡು ‘ಬನ್ನಿ ಬನ್ನಿ, ನಿಮಗೆ ಯಾವ ಊರು ಕೊಡಲಿ’ ಎನ್ನುವ ಧಾಟಿಯಲ್ಲಿ ಮಾತಾಡಿದರು. ಮೂರನೆಯವರು ಕೌಂಟ್ ತ್ಸಿನ್‌ಸೆಂಡಾರ್ಫ್. ಹುಟ್ಟಿನಿಂದ ಶ್ರೀಮಂತ, ದೊಡ್ಡ ವಿದ್ವಾಂಸ. ಬಿರುದು ಬಿಟ್ಟು ‘ಹೆರ್ ಫಾನ್ ಟ್ಯೂರ್ನ್‌ಸ್ಟೈನ್’ ಎಂಬ ಹೆಸರಲ್ಲಿ ಫಿಲಡೆಲ್ಫಿಯಾದ ಲೂಥರನ್ನರಿಗೆ ಪಾಸ್ಟರಿಕೆ ಮಾಡುತ್ತಿದ್ದರು. ಎಲ್ಲ ಜರ್ಮನ್ ಪಂಗಡಗಳನ್ನೂ ಒಂದು ಮಾಡುವ ಕನಸು ಅವರದು. ಅದರಿಂದ ಆದದ್ದು ಇನ್ನಷ್ಟು ಜಗಳ. ಚರ್ಚಿನ ಕಟ್ಟಡದ ಮೇಲೆ ಹೊಡೆದಾಟ, ಕೋರ್ಟು ಎಲ್ಲ ಆಗಿಹೋಗಿತ್ತು.

ಮ್ಯೂಲೆನ್‌ಬರ್ಗ್ ಏನು ಮಾಡಿದರು ನೋಡಿ. ಬಂದ ಮೂರನೇ ದಿನ, ನವೆಂಬರ್ 28ರ ಭಾನುವಾರ, ನ್ಯೂ ಹ್ಯಾನೋವರಿನ ಅರ್ಧಂಬರ್ಧ ಕಟ್ಟಿದ್ದ ಮರದ ಚರ್ಚಿನಲ್ಲಿ ಪ್ರಸಂಗ ಮಾಡಿದರು. ಟ್ರ್ಯಾಪ್‌ನಲ್ಲಿ ಚರ್ಚೇ ಇರಲಿಲ್ಲ, ಒಂದು ಕಣಜದಲ್ಲಿ ನಿಂತು ಮಾತಾಡಿದರು. ಹೋದಲ್ಲೆಲ್ಲ ತಮ್ಮ ನೇಮಕದ ಪತ್ರ ಓದಿ ತೋರಿಸಿದರು. ಸ್ವೀಡಿಷ್ ಪಾಸ್ಟರ್ ಒಬ್ಬರು ಇವರ ಕಾಗದ ಪತ್ರ ಸರಿಯಾಗಿದೆ ಅಂತ ಬೆಂಬಲಕ್ಕೆ ನಿಂತರು. ತಿಂಗಳು ಮುಗಿಯುವುದರೊಳಗೆ ಮೂರೂ ಸಭೆಯ ಹಿರಿಯರು ಇವರನ್ನು ಒಪ್ಪಿ ಸಹಿ ಹಾಕಿದರು. ಕ್ರಾಫ್ಟ್ ಬದಿಗೆ ಸರಿದರು.

ಡಿಸೆಂಬರ್ 30ರಂದು ತ್ಸಿನ್‌ಸೆಂಡಾರ್ಫ್ ಜೊತೆ ಮುಖಾಮುಖಿ. ಸುತ್ತ ತಮ್ಮ ಕಡೆಯವರನ್ನು ಕೂರಿಸಿಕೊಂಡು, ನ್ಯಾಯ ಕೇಳುವವರಂತೆ ಕೌಂಟ್ ಪ್ರಶ್ನೆ ಹಾಕಿದರು. ಇವರು ಕಾಗದ ತೋರಿಸಿದರು, ಮಾತಿಗೆ ಮಾತು ಬೆಳೆಯಿತು. ಕೊನೆಗೆ ಜಗಳ ಬಂದು ನಿಂತದ್ದು ಎರಡು ವಸ್ತುವಿನ ಮೇಲೆ. ಸಭೆಯ ದಾಖಲೆ ಪುಸ್ತಕ ಮತ್ತು ಕರ್ತನ ಭೋಜನದ, ಅಂದರೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯ, ಬಟ್ಟಲು. ಎರಡೂ ಕೌಂಟ್ ಕಡೆಯವರ ಹತ್ತಿರ ಇದ್ದವು. ನಗರದ ಮೇಯರ್ ನಡುವೆ ಬಂದು ವಾಪಸ್ ಕೊಡಿ ಎಂದರು. ಕೌಂಟ್ ಆ ಹೊತ್ತಿಗೆ ಊರು ಬಿಟ್ಟು ಯುರೋಪಿನ ದಾರಿ ಹಿಡಿದಿದ್ದರು.

ಒಂದು ಮಾತು ಸೇರಿಸಬೇಕು. ಈ ಕಥೆ ನಮಗೆ ಸಿಗುವುದು ಹೆಚ್ಚಾಗಿ ಮ್ಯೂಲೆನ್‌ಬರ್ಗ್ ಬರೆದ ಹಾಗೆ. ಮೊರಾವಿಯನ್ನರ ಬಗ್ಗೆ ಬರೆಯುವಾಗ ಅವರ ಲೇಖನಿ ಚೂಪಾಗಿಯೇ ಇರುತ್ತದೆ. ತ್ಸಿನ್‌ಸೆಂಡಾರ್ಫ್ ಅಷ್ಟು ಕೆಟ್ಟವರೇನಲ್ಲ.

ಸಂಬಳ ಬರುತ್ತಿತ್ತಾ?

ಮೊದಲ ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮನೆ ಬಾಡಿಗೆಗೂ ಸಾಲ ಮಾಡಬೇಕಿತ್ತು. ಆದರೆ ಜನ ಕೈಬಿಡಲಿಲ್ಲ. ಒಬ್ಬರು ಸಾಸೇಜ್ ತರುತ್ತಾರೆ, ಇನ್ನೊಬ್ಬರು ಮಾಂಸ, ಮತ್ತೊಬ್ಬರು ಕೋಳಿ, ರೊಟ್ಟಿ, ಪಾರಿವಾಳ, ಮೊಟ್ಟೆ, ಜೇನು, ಸೇಬು. ಹೀಗೆ ಒಂದು ಉದ್ದ ಪಟ್ಟಿಯನ್ನೇ ಅವರು ಹಾಲೆಗೆ ಬರೆದ ಪತ್ರದಲ್ಲಿ ಕೊಟ್ಟಿದ್ದಾರೆ. ಪಟ್ಟಿಯಲ್ಲಿ ಕೃತಜ್ಞತೆಯೂ ಇದೆ, ಸ್ವಲ್ಪ ಲೆಕ್ಕಾಚಾರವೂ ಇದೆ ಅನ್ನಿಸುತ್ತದೆ. ಓದುವವರು ಹಾಲೆಯ ದಾನಿಗಳು ತಾನೇ!

ಹಾಲೆ ಔಷಧಿಗಳೂ ಇದ್ದವು. ಅನಾಥಾಲಯದ ಅಂಗಡಿಯಲ್ಲಿ ತಯಾರಾದ ಮದ್ದು ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಡಾಕ್ಟರ್ ಇಲ್ಲದ ಹಳ್ಳಿಗಳಲ್ಲಿ ಪಾಸ್ಟರೇ ಅದನ್ನು ಹಂಚುತ್ತಿದ್ದರು, ಮಾರುತ್ತಲೂ ಇದ್ದರು. ತರಂಗಂಬಾಡಿಗೂ ಇದೇ ಮದ್ದು ಹೋಗುತ್ತಿತ್ತು.

ದಿನ ಬೆಳಗಾದರೆ ಏನು ಕೆಲಸ?

ಪ್ರಸಂಗ ಅದರಲ್ಲಿ ಸಣ್ಣ ಭಾಗ. ಹೆಚ್ಚಿನ ಹೊತ್ತು ಕುದುರೆಯ ಮೇಲೆ. ಫಿಲಡೆಲ್ಫಿಯಾದಿಂದ ಟ್ರ್ಯಾಪ್‌ಗೆ ಸುಮಾರು 40 ಕಿಲೋಮೀಟರ್, ನ್ಯೂ ಹ್ಯಾನೋವರ್ ಅದಕ್ಕೂ ಆಚೆ. ದಾರಿಯಲ್ಲಿ ನದಿ, ಹಳ್ಳ. ಮಳೆಗಾಲದಲ್ಲಿ ನೀರಲ್ಲಿ ಕುದುರೆ ಇಳಿಸಬೇಕು, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ನಡೆಸಬೇಕು. ಬೇಗನೆ ಜರ್ಮನ್‌ಟೌನ್ ಎಂಬ ನಾಲ್ಕನೇ ಊರೂ ಸೇರಿಕೊಂಡಿತು.

ಶಾಲೆಗೆ ಮೇಷ್ಟ್ರು ಸಿಗದಿದ್ದಾಗ ತಾವೇ ಪಾಠ ಮಾಡಿದರು. ಹದಿನೆಂಟು, ಇಪ್ಪತ್ತು ವರ್ಷದ ಗಂಡಾಳುಗಳು ಅಕ್ಷರಮಾಲೆಯ ಪುಸ್ತಕ ಹಿಡಿದು ಬರುತ್ತಿದ್ದರಂತೆ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ, ಸಾಯುವವರ ಪಕ್ಕ ಕೂರುವುದು ಇದ್ದದ್ದೇ. ಅದಕ್ಕಿಂತ ಸುಸ್ತು ಮಾಡುತ್ತಿದ್ದುದು ಪಂಚಾಯ್ತಿ. ಒಂದು ಸಭೆಯವರು ತಮ್ಮ ಪಾಸ್ಟರನ್ನು ಓಡಿಸಬೇಕು ಅಂತಾರೆ. ಇನ್ನೊಂದು ಸಭೆಯವರಿಗೆ ಚರ್ಚಿನ ಜಮೀನು ಯಾರ ಹೆಸರಲ್ಲಿರಬೇಕು ಅಂತ ತಕರಾರು. ನ್ಯೂ ಜೆರ್ಸಿಯ ರ್‍ಯಾರಿಟನ್‌ನಲ್ಲಿ ಒಬ್ಬ ಪಾಸ್ಟರಿಗೂ ಸಭೆಗೂ ವರ್ಷಗಟ್ಟಲೆ ನಡೆದ ಜಗಳವನ್ನು 1745ರಲ್ಲಿ ಹೋಗಿ ಬಿಡಿಸಬೇಕಾಯಿತು. 1774ರಲ್ಲಿ, ಅರವತ್ತು ದಾಟಿದ ಮೇಲೆ, ಜಾರ್ಜಿಯಾದ ಎಬನೇಜರ್‌ವರೆಗೆ ಮತ್ತೆ ಹಡಗಿನಲ್ಲಿ ಹೋದರು. ಅಲ್ಲೂ ಇಬ್ಬರು ಪಾಸ್ಟರುಗಳ ಕಚ್ಚಾಟ.

1745ರಲ್ಲಿ ಹಾಲೆಯಿಂದ ಪೀಟರ್ ಬ್ರುನ್‌ಹೋಲ್ಟ್ಸ್ ಮತ್ತು ಇಬ್ಬರು ಸಹಾಯಕರು ಬಂದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಯಿತು. ನಗರವನ್ನು ಬ್ರುನ್‌ಹೋಲ್ಟ್ಸ್‌ಗೆ ಬಿಟ್ಟು ಇವರು ಟ್ರ್ಯಾಪ್‌ನಲ್ಲಿ ಮನೆ ಮಾಡಿದರು. 1761ರಲ್ಲಿ ಫಿಲಡೆಲ್ಫಿಯಾ ಸಭೆ ಮತ್ತೆ ಜಗಳದಲ್ಲಿ ಮುಳುಗಿದಾಗ ವಾಪಸ್ ಹೋಗಬೇಕಾಯಿತು.

ಯಾವ ಭಾಷೆಯಲ್ಲಿ ಪ್ರಸಂಗ?

ಮುಖ್ಯವಾಗಿ ಜರ್ಮನ್. ಕೇಳುವವರಲ್ಲಿ ಇಂಗ್ಲಿಷರು ಇದ್ದರೆ ಇಂಗ್ಲಿಷ್. 1751 ಮತ್ತು 1752ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಡಚ್ ಲೂಥರನ್ ಸಭೆ ನೋಡಿಕೊಂಡಾಗ ಡಚ್ ಕೂಡ. ಒಂದೇ ಭಾನುವಾರ ಮೂರು ಭಾಷೆಯಲ್ಲಿ ಮೂರು ಪ್ರಸಂಗ ಮಾಡಿದ್ದೂ ಉಂಟು.

ಹೆಂಡತಿ ಯಾರು?

ಅನ್ನಾ ಮರಿಯಾ ವೈಸರ್. 1745ರ ಏಪ್ರಿಲ್ 22ರಂದು ಮದುವೆ. ಆಕೆಯ ತಂದೆ ಕಾನ್ರಾಡ್ ವೈಸರ್ ಆ ಪ್ರಾಂತ್ಯದಲ್ಲಿ ದೊಡ್ಡ ಹೆಸರು. ಹುಡುಗನಾಗಿದ್ದಾಗ ಮೂಲನಿವಾಸಿಗಳಾದ ಮೊಹಾಕ್ ಜನರ ನಡುವೆ ಇದ್ದು ಅವರ ಮಾತು ಕಲಿತವರು. ಪೆನ್ಸಿಲ್ವೇನಿಯಾ ಸರ್ಕಾರಕ್ಕೂ ಮೊಹಾಕರೂ ಸೇರಿದ್ದ ಇರಕ್ವಾ ಎಂಬ ಮೂಲನಿವಾಸಿಗಳ ಒಕ್ಕೂಟಕ್ಕೂ ನಡುವೆ ಮಾತುಕತೆ ಅಂದರೆ ದುಭಾಷಿ ವೈಸರ್ ಇರಲೇಬೇಕಿತ್ತು.

ದಂಪತಿಗೆ ಹನ್ನೊಂದು ಮಕ್ಕಳು. ದೊಡ್ಡವರಾಗುವವರೆಗೆ ಉಳಿದದ್ದು ಏಳು. ಗಂಡ ಊರೂರು ಸುತ್ತುವಾಗ ಮನೆ, ಹೊಲ, ಬಂದು ಹೋಗುವವರು, ಕಾಯಿಲೆ ಬಿದ್ದ ಮಕ್ಕಳು ಎಲ್ಲ ಆಕೆಯ ತಲೆಯ ಮೇಲೆ. ಮುಂದೆ ಆಕೆಗೆ ಮೂರ್ಛೆ ಬರುವ ಕಾಯಿಲೆ ಅಂಟಿಕೊಂಡು ಬಹಳ ವರ್ಷ ಕಾಡಿತು. ಗಂಡನ ಡೈರಿಯಲ್ಲಿ ಅದರ ಸಂಕಟ ಮತ್ತೆ ಮತ್ತೆ ಬರುತ್ತದೆ. ಆಕೆಯ ಬಾಯಿಂದಲೇ ಬಂದ ಮಾತು ಮಾತ್ರ ಅದರಲ್ಲಿ ಬಹಳ ಕಡಿಮೆ. ಇತಿಹಾಸದಲ್ಲಿ ಪಾಸ್ಟರ್ ಹೆಂಡತಿಯರ ಪಾಡು ಸಾಮಾನ್ಯವಾಗಿ ಇಷ್ಟೇ.

1748ರಲ್ಲಿ ನಡೆದದ್ದು ಏನು? ಎಲ್ಲ ಪುಸ್ತಕದಲ್ಲೂ ಆ ವರ್ಷ ಬರುತ್ತದೆ.

ಆಗಸ್ಟ್ ತಿಂಗಳಲ್ಲಿ ಫಿಲಡೆಲ್ಫಿಯಾದ ಸೇಂಟ್ ಮೈಕೆಲ್ಸ್ ಚರ್ಚಿನ ಪ್ರತಿಷ್ಠೆ ಇತ್ತು. ಆ ನೆಪದಲ್ಲಿ ಬೆರಳೆಣಿಕೆಯ ಪಾಸ್ಟರುಗಳು, ಸಭೆಗಳ ಹಿರಿಯರು ಒಂದೆಡೆ ಕೂತರು. ಮೂರು ಕೆಲಸ ಮಾಡಿದರು. ಒಟ್ಟಿಗೆ ಸೇರುವ ಒಂದು ಸಂಸ್ಥೆ ಮಾಡಿಕೊಂಡರು, ಅದೇ ಪೆನ್ಸಿಲ್ವೇನಿಯಾ ಮಿನಿಸ್ಟೀರಿಯಂ. ಎಲ್ಲ ಸಭೆಗಳಿಗೂ ಒಂದೇ ಆರಾಧನಾ ಕ್ರಮ ಒಪ್ಪಿದರು. ಹಾಲೆಯಿಂದ ಸಹಾಯಕರಾಗಿ ಬಂದಿದ್ದ ಯೋಹಾನ್ ನಿಕೋಲಸ್ ಕುರ್ಟ್ಸ್ ಅವರನ್ನು ಪರೀಕ್ಷೆ ಮಾಡಿ, ದೀಕ್ಷೆ ಕೊಟ್ಟರು.

ಮೂರನೆಯದು ಯಾಕೆ ದೊಡ್ಡದು ಅಂದರೆ, ಅಲ್ಲಿಯವರೆಗೆ ಯಾರು ನಿಜವಾದ ಪಾಸ್ಟರ್ ಅಂತ ಹೇಳುವವರೇ ಆ ನೆಲದಲ್ಲಿ ಇರಲಿಲ್ಲ. ಹಲ್ಲು ಕೀಳುವ ಶ್ಮಿಟ್‌ಗೂ ಹಾಲೆಯಲ್ಲಿ ಓದಿದವರಿಗೂ ಹಳ್ಳಿಯವರ ಕಣ್ಣಿಗೆ ವ್ಯತ್ಯಾಸ ಕಾಣುವುದು ಹೇಗೆ? ಇನ್ನು ಮುಂದೆ ಪರೀಕ್ಷೆ ಮಾಡುವವರು ಅಲ್ಲೇ ಇದ್ದರು. ಜರ್ಮನಿಯ ದೊರೆ ಮಾಡುತ್ತಿದ್ದ ಕೆಲಸವನ್ನು ಪಾಸ್ಟರುಗಳೇ ಸೇರಿ ಮಾಡತೊಡಗಿದರು. ಉತ್ತರ ಅಮೆರಿಕದಲ್ಲಿ ಬಾಳಿಕೆ ಬಂದ ಮೊದಲ ಲೂಥರನ್ ಸಿನೊಡ್, ಅಂದರೆ ಸಭೆಗಳ ಒಕ್ಕೂಟ, ಇದೇ.

ಮುಂದಿನ ಹೆಜ್ಜೆ 1762ರಲ್ಲಿ. ಫಿಲಡೆಲ್ಫಿಯಾ ಸಭೆಗೆ ಲಿಖಿತ ನಿಯಮಾವಳಿ ಬಂತು. ಹಿರಿಯರನ್ನು ಸಭೆಯ ಸದಸ್ಯರೇ ಆರಿಸಬೇಕು, ಪಾಸ್ಟರನ್ನು ಕರೆಯುವುದೂ ಸಭೆಯೇ. ಬೇರೆ ಸಭೆಗಳೂ ಇದನ್ನೇ ಮಾದರಿ ಮಾಡಿಕೊಂಡವು. ಮ್ಯೂಲೆನ್‌ಬರ್ಗ್ ಸ್ವಭಾವದಿಂದ ಪ್ರಜಾಪ್ರಭುತ್ವವಾದಿ ಅಂತ ನನಗೆ ಅನ್ನಿಸುವುದಿಲ್ಲ. ಶಿಸ್ತು, ದರ್ಜೆ ಎಲ್ಲ ಬೇಕೆನ್ನುವ ಹಳೆ ಕಾಲದ ಜರ್ಮನ್ನರು. ಆದರೆ ದುಡ್ಡು ಕೊಡುವವರು ಜನ, ಹಾಗಿರುವಾಗ ಮತವೂ ಅವರದೇ ಆಗದೆ ದಾರಿ ಇರಲಿಲ್ಲ.

ಗುಲಾಮಗಿರಿಯ ಬಗ್ಗೆ ಅವರ ನಿಲುವು?

1742ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಕಪ್ಪು ಗುಲಾಮರನ್ನು ಮೊದಲ ಸಲ ಅಷ್ಟು ಸಂಖ್ಯೆಯಲ್ಲಿ ಕಂಡರು. ಮೈ ದುಡಿಸಿಕೊಳ್ಳುತ್ತಾರೆ, ಆತ್ಮದ ಚಿಂತೆ ಮಾಡುವುದಿಲ್ಲ, ಹೆಸರಿಗೆ ಮಾತ್ರ ಕ್ರೈಸ್ತರು ಅಂತ ಮಾಲೀಕರನ್ನು ಡೈರಿಯಲ್ಲಿ ಬೈದರು. ಆದರೆ ಆ ಪದ್ಧತಿಯ ವಿರುದ್ಧ ಹೋರಾಟಕ್ಕೆ ಇಳಿದವರಲ್ಲ. ಅದೇ ಪೆನ್ಸಿಲ್ವೇನಿಯಾದ ಕೆಲವು ಕ್ವೇಕರರು ಅದೇ ಕಾಲದಲ್ಲಿ ಇಳಿದಿದ್ದರು. ಹಾಗಾಗಿ ‘ಆ ಕಾಲವೇ ಹಾಗಿತ್ತು’ ಅನ್ನುವ ವಾದ ಪೂರ್ತಿ ನಿಲ್ಲುವುದಿಲ್ಲ.

ಅವರಿಗೆ ಹೆಚ್ಚು ನೋವು ಕೊಟ್ಟದ್ದು ತಮ್ಮ ಜನರ ಪಾಡು. ಹಡಗಿನ ಚಾರ್ಜು ಕೊಡಲಾಗದ ಬಡ ಜರ್ಮನ್ನರು ಬಂದರಿನಲ್ಲೇ ಕೆಲವು ವರ್ಷಗಳ ಜೀತಕ್ಕೆ ಮಾರಾಟವಾಗುತ್ತಿದ್ದರು. ಅಪ್ಪ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. 1749ರಿಂದ 1754ರವರೆಗೆ ವರ್ಷಕ್ಕೆ ಸಾವಿರಾರು ಜನ ಬಂದಿಳಿದರು. ಬಣ್ಣದ ಮಾತಾಡಿ ಜರ್ಮನಿಯಿಂದ ಜನರನ್ನು ಹಡಗು ಹತ್ತಿಸುವ ದಲ್ಲಾಳಿಗಳ ಬಗ್ಗೆ ಅವರು ಎಚ್ಚರಿಸಿ ಬರೆದರು.

ಅಮೆರಿಕದ ಕ್ರಾಂತಿ ಶುರುವಾದಾಗ ಯಾವ ಕಡೆ?

ಮೊದಮೊದಲು ಯಾವ ಕಡೆಯೂ ಇಲ್ಲ. ರಾಜ ಮೂರನೇ ಜಾರ್ಜ್, ಮ್ಯೂಲೆನ್‌ಬರ್ಗ್ ಹುಟ್ಟಿದ ಹ್ಯಾನೋವರ್ ನಾಡಿನ ದೊರೆಯೂ ಹೌದು. ನಿಷ್ಠೆಯ ಪ್ರಮಾಣ ಮಾಡಿದವರು, ಅಷ್ಟು ಸುಲಭಕ್ಕೆ ಮುರಿಯಲಾರರು. 1776ರಲ್ಲಿ ಫಿಲಡೆಲ್ಫಿಯಾ ಬಿಟ್ಟು ಟ್ರ್ಯಾಪ್‌ಗೆ ಬಂದು ಮನೆ ಕೊಂಡರು. ನೆಮ್ಮದಿ ಸಿಗಲಿಲ್ಲ, ಯುದ್ಧ ಬಾಗಿಲಿಗೇ ಬಂತು. ವಾಷಿಂಗ್ಟನ್ ಸೈನ್ಯ ಚಳಿಗಾಲ ಕಳೆದ ವ್ಯಾಲಿ ಫೋರ್ಜ್ ಅಲ್ಲಿಂದ ಸುಮಾರು 16 ಕಿಲೋಮೀಟರ್.

1777ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಟ್ರ್ಯಾಪ್ ಚರ್ಚಿಗೆ ಹೋದರೆ ಒಳಗೆಲ್ಲ ಸೈನಿಕರು. ನೆಲದ ತುಂಬಾ ಹುಲ್ಲು, ಕೊಳಕು. ಆರಾಧನೆಯ ಪೀಠದ ಮೇಲೆ ತಿಂಡಿ ತೀರ್ಥ. ಒಬ್ಬ ಆರ್ಗನ್ ಬಾರಿಸುತ್ತಿದ್ದಾನೆ, ಉಳಿದವರು ಹಾಡುತ್ತಿದ್ದಾರೆ. ಆರ್ಗನ್ ಬಲ್ಲ ಮನುಷ್ಯನಿಗೆ ಅದು ಹೇಗೆ ಕೇಳಿಸಿತೋ! ಫಿಲಡೆಲ್ಫಿಯಾ ಬ್ರಿಟಿಷರ ಕೈಗೆ ಹೋದಾಗ ಅವರ ಸಭೆಯ ದೊಡ್ಡ ಜಿಯಾನ್ ಚರ್ಚು ಆಸ್ಪತ್ರೆಯಾಯಿತು.

ಮಗ ವಾಷಿಂಗ್ಟನ್ ಸೈನ್ಯದಲ್ಲಿ ಜನರಲ್. ಹಾಗಾಗಿ ಬ್ರಿಟಿಷರಿಗೆ ಇವರ ಮೇಲೆ ಕಣ್ಣು. ರಾಜನ ವಿರುದ್ಧ ಬಾಯಿ ಬಿಡದ್ದರಿಂದ ಇತ್ತ ಕಡೆಯವರಿಗೂ ಅನುಮಾನ. ಕೊನೆಗೆ 1778ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಿದರು. ದೇವರು ಯಾವ ಆಡಳಿತವನ್ನು ಇಟ್ಟಿದ್ದಾನೋ ಅದಕ್ಕೆ ತಲೆಬಾಗಬೇಕು ಎನ್ನುವುದು ಅವರ ಸಮಾಧಾನ. ಯಾವ ಆಡಳಿತ ಇದೆ ಅನ್ನುವುದೇ ಗೊತ್ತಾಗದಿದ್ದ ಎರಡು ವರ್ಷ ಮಾತ್ರ ಬಹಳ ಕಷ್ಟಪಟ್ಟರು.

ಮಗ ಪ್ರಸಂಗ ಪೀಠದಲ್ಲೇ ನಿಲುವಂಗಿ ಕಳಚಿ ಸೈನಿಕನ ಯೂನಿಫಾರ್ಮ್ ತೋರಿಸಿದ ಕಥೆ ನಿಜವಾ?

ಮಗ ಪೀಟರ್ ವರ್ಜೀನಿಯಾದ ವುಡ್‌ಸ್ಟಾಕ್‌ನಲ್ಲಿ ಪಾಸ್ಟರ್ ಆಗಿದ್ದದ್ದು ನಿಜ. 1776ರಲ್ಲಿ ಎಂಟನೇ ವರ್ಜೀನಿಯಾ ರೆಜಿಮೆಂಟಿನ ಕರ್ನಲ್ ಆದದ್ದೂ ನಿಜ. 1781ರ ಯಾರ್ಕ್‌ಟೌನ್ ಕದನದಲ್ಲಿ ಇದ್ದದ್ದೂ ನಿಜ. ನಿಲುವಂಗಿಯ ದೃಶ್ಯ ಮಾತ್ರ ಎಷ್ಟೋ ದಶಕಗಳ ಮೇಲೆ, 1849ರಲ್ಲಿ ಮನೆತನದವರೇ ಬರೆದ ಜೀವನ ಚರಿತ್ರೆಯಿಂದ ಊರೆಲ್ಲ ಹಬ್ಬಿದ್ದು. ಇತಿಹಾಸಕಾರರು ಅದನ್ನು ಅನುಮಾನದಿಂದಲೇ ನೋಡುತ್ತಾರೆ.

ನನಗೆ ಅದಕ್ಕಿಂತ ಇಷ್ಟವಾಗುವುದು ಅಣ್ಣ ತಮ್ಮಂದಿರ ಪತ್ರದ ಜಗಳ. ನ್ಯೂಯಾರ್ಕಿನಲ್ಲಿ ಪಾಸ್ಟರ್ ಆಗಿದ್ದ ತಮ್ಮ ಫ್ರೆಡರಿಕ್, ಪಾಸ್ಟರಿಕೆಯೂ ಸೈನ್ಯವೂ ಒಟ್ಟಿಗೆ ಸರಿಯಲ್ಲ ಅಂತ ಅಣ್ಣನಿಗೆ ಬರೆದರು. ಅದೇ ವರ್ಷ ಬ್ರಿಟಿಷರು ಬರುತ್ತಿದ್ದಾರೆ ಅಂತ ನ್ಯೂಯಾರ್ಕ್ ಬಿಟ್ಟು ಓಡಬೇಕಾಯಿತು. ಮೂರೇ ವರ್ಷದಲ್ಲಿ ಫ್ರೆಡರಿಕ್ ಕೂಡ ರಾಜಕೀಯಕ್ಕೆ ಇಳಿದರು. 1789ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಮೊಟ್ಟಮೊದಲ ಸ್ಪೀಕರ್ ಆದರು!

ಇವರಿಬ್ಬರನ್ನೂ, ಒಂಬತ್ತೇ ವರ್ಷದ ತಮ್ಮ ಹೆನ್ರಿ ಅರ್ನ್‌ಸ್ಟ್‌ನನ್ನೂ ಅಪ್ಪ 1763ರಲ್ಲಿ ಓದಲು ಹಾಲೆಗೆ ಕಳಿಸಿದ್ದರು. ಪೀಟರ್ ಲ್ಯೂಬೆಕ್‌ನ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿ, ಬೇಸರವಾಗಿ ಓಡಿಹೋಗಿ, ಬ್ರಿಟಿಷ್ ರೆಜಿಮೆಂಟ್ ಸೇರಿಕೊಂಡು ಊರಿಗೆ ಬಂದರು. ಸೈನ್ಯದ ಗೀಳು ಆಗಲೇ ಇತ್ತು ಅನ್ನಿ. ಹೆನ್ರಿ ಅರ್ನ್‌ಸ್ಟ್ ಮಾತ್ರ ಲ್ಯಾಂಕಸ್ಟರ್‌ನಲ್ಲಿ ಕೊನೆಯವರೆಗೂ ಪಾಸ್ಟರ್. ಅದರ ಜೊತೆಗೆ ದೊಡ್ಡ ಸಸ್ಯವಿಜ್ಞಾನಿ. ಮ್ಯೂಲೆನ್‌ಬರ್ಗಿಯಾ ಎಂಬ ಹುಲ್ಲಿನ ಕುಲಕ್ಕೆ ಇವರದೇ ಹೆಸರು.

ಒಂದೇ ಮತದಿಂದ ಜರ್ಮನ್ ಅಮೆರಿಕದ ಅಧಿಕೃತ ಭಾಷೆ ಆಗುವುದು ತಪ್ಪಿತು, ಮ್ಯೂಲೆನ್‌ಬರ್ಗ್ ಅದರ ವಿರುದ್ಧ ಮತ ಹಾಕಿದರು ಅಂತ ವಾಟ್ಸಾಪ್‌ನಲ್ಲಿ ಬಂತು.

ನಂಬಬೇಡಿ. ಅಂಥ ಮತದಾನ ನಡೆದೇ ಇಲ್ಲ. ವರ್ಜೀನಿಯಾದ ಕೆಲವು ಜರ್ಮನ್ನರು ಕಾನೂನುಗಳನ್ನು ಜರ್ಮನ್ನಿನಲ್ಲೂ ಅಚ್ಚು ಹಾಕಿಸಿ ಅಂತ ಕೇಳಿದ್ದರು. 1795ರ ಜನವರಿಯಲ್ಲಿ ಅದರ ಚರ್ಚೆ ನಡೆದಾಗ ಸಭೆ ಮುಂದೂಡುವ ಸೂಚನೆಯೊಂದು 42–41 ಮತಗಳಿಂದ ಬಿದ್ದುಹೋಯಿತು. ಸ್ಪೀಕರ್ ಫ್ರೆಡರಿಕ್ ಮ್ಯೂಲೆನ್‌ಬರ್ಗ್ ಆಗಿದ್ದರಿಂದ ಕಥೆಗೆ ಅವರ ಹೆಸರು ಅಂಟಿತು. ಅಧಿಕೃತ ಭಾಷೆಯ ಮಾತೇ ಅಲ್ಲಿ ಇರಲಿಲ್ಲ. ಅಪ್ಪನಿಗಂತೂ ಇದಕ್ಕೆ ಸಂಬಂಧವೇ ಇಲ್ಲ. ಅವರು ತೀರಿಕೊಂಡು ಏಳು ವರ್ಷ ದಾಟಿತ್ತು.

ಇಷ್ಟೆಲ್ಲ ವಿವರ ಹೇಗೆ ಸಿಗುತ್ತದೆ?

ಅವರೇ ಬರೆದಿಟ್ಟಿದ್ದಾರೆ, ದಶಕಗಟ್ಟಲೆ. ಹಾಲೆಗೆ ವರದಿ ಕಳಿಸುವುದು ಕೆಲಸದ ಭಾಗ. ಅದನ್ನು ಅಲ್ಲಿ ಅಚ್ಚು ಹಾಕಿ ದಾನಿಗಳಿಗೆ ಹಂಚುತ್ತಿದ್ದರು. ಡೈರಿಗಳ ಇಂಗ್ಲಿಷ್ ಅನುವಾದ ಮೂರು ದೊಡ್ಡ ಸಂಪುಟಗಳಲ್ಲಿದೆ. ಹವಾಮಾನ, ಕಾಲುನೋವು, ಸಾಲ, ಸತ್ತವರ ಕೊನೆಯ ಮಾತು, ಮುದಿತನದಲ್ಲಿ ಕಿವಿ ಕೇಳಿಸದಾದ ಬೇಸರ, ಎಲ್ಲವೂ ಇದೆ. ಪೂರ್ತಿ ಓದಲು ತಾಳ್ಮೆ ಬೇಕು. ನಡುವೆ ಎಲ್ಲೋ ಒಂದು ಪುಟ ಬಿಚ್ಚಿ ಓದುವುದೇ ಒಳ್ಳೆಯ ದಾರಿ.

ಆ ಕಡೆ ಹೋದರೆ ನೋಡಲು ಏನಾದರೂ ಉಳಿದಿದೆಯಾ?

ಟ್ರ್ಯಾಪ್‌ಗೇ ಹೋಗಿ. 1743ರಲ್ಲಿ ಕಟ್ಟಲು ಶುರುಮಾಡಿ 1745ರಲ್ಲಿ ಪ್ರತಿಷ್ಠೆಯಾದ ಆಗಸ್ಟಸ್ ಲೂಥರನ್ ಚರ್ಚು ಕಲ್ಲಿನ ಗೋಡೆ, ಹಳೆಯ ಬೆಂಚುಗಳ ಸಮೇತ ಹಾಗೇ ನಿಂತಿದೆ. ಪಕ್ಕದಲ್ಲೇ ಸಮಾಧಿ. ‘ಇವರು ಯಾರು, ಎಂಥವರು ಎಂಬುದು ಕಲ್ಲಿಲ್ಲದೆಯೂ ಮುಂದಿನ ಕಾಲಕ್ಕೆ ತಿಳಿದಿರುತ್ತದೆ’ ಅಂತ ಅದರ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ಅದನ್ನೂ ಕಲ್ಲಿನ ಮೇಲೇ ಕೆತ್ತಿದ್ದು ತಮಾಷೆ. 1776ರಲ್ಲಿ ಕೊಂಡ ಮನೆಯನ್ನೂ ಉಳಿಸಿಕೊಂಡಿದ್ದಾರೆ.

ಫಿಲಡೆಲ್ಫಿಯಾದಲ್ಲಿ ಮಾತ್ರ ನಿರಾಸೆ. ಸೇಂಟ್ ಮೈಕೆಲ್ಸ್ ಇಲ್ಲ, 1799ರಲ್ಲಿ ವಾಷಿಂಗ್ಟನ್‌ಗೆ ದೇಶದ ಶ್ರದ್ಧಾಂಜಲಿ ಸಭೆ ನಡೆದ ಜಿಯಾನ್ ಚರ್ಚೂ ಇಲ್ಲ. ಅಲೆನ್‌ಟೌನ್‌ನಲ್ಲಿರುವ ಮ್ಯೂಲೆನ್‌ಬರ್ಗ್ ಕಾಲೇಜಿಗೆ 1867ರಲ್ಲಿ ಇವರ ಹೆಸರಿಟ್ಟರು. ಆದರೆ ಇವರು ಅಲ್ಲಿ ಪಾಠ ಹೇಳಿದ್ದರು ಅಂದುಕೊಂಡು ಹೋಗಬೇಡಿ. ಕಾಲೇಜಿಗೆ ಈ ಹೆಸರು ಬಂದಾಗ ಇವರು ತೀರಿಕೊಂಡು ಎಂಬತ್ತು ವರ್ಷ ಆಗಿತ್ತು.